ಎರಡೂವರೆ ಕೆಜಿ ಇಳಿಸಿದರೆ ಮೆಡಲ್ ಬರುತ್ತಾ?

ಪ್ರಶ್ನೆ: ಸರ್, ಕೊಡಗಿನ ಗೋಣಿಕೊಪ್ಪದ ಹತ್ತಿರ ಬಾಡಿಗೆ ಹಾಲ್‌ನಲ್ಲಿ ಟೇಕ್ವಾಂಡೋ ಕ್ಲಾಸ್ ನಡೆಸುತ್ತಿದ್ದೇನೆ. ನಲವತ್ತರಷ್ಟು ಮಕ್ಕಳಿದ್ದಾರೆ. ಏಪ್ರಿಲ್ ಕೊನೆಗೆ ರಾಯಚೂರು ಕಡೆ ಟೂರ್ನಮೆಂಟ್ ಇದೆ, ಇನ್ನು ಐದು ವಾರ. ನನ್ನ ಒಬ್ಬ ಹುಡುಗನಿಗೆ 15 ವರ್ಷ, ಎತ್ತರ 168 ಸೆಂ.ಮೀ., ತೂಕ 50.6 ಕೆಜಿ. 51 ಕೆಜಿ ಒಳಗಿನ ವಿಭಾಗಕ್ಕೆ ಸರಿಯಾಗಿದ್ದಾನೆ. ಆದರೆ ಕಳೆದ ವರ್ಷ ಅದರಲ್ಲಿ ಗೋಲ್ಡ್ ಹೊಡೆದ ಬೆಂಗಳೂರಿನ ಹುಡುಗನ ಭಯ. ಅದಕ್ಕೆ 48ಕ್ಕೆ ಇಳಿಸಿ ಎಂದು ಇವನ ಅಪ್ಪ ಹಿಂದೆ ಬಿದ್ದಿದ್ದಾರೆ. ಪಕ್ಕದ ಊರಿನ ಮಾಸ್ಟರ್ ಒಬ್ಬರು 'ಕೊನೆಯ ಮೂರು ದಿನ ನೀರು ನಿಲ್ಲಿಸಿ, ರೇನ್‌ಕೋಟ್ ಹಾಕಿ ಓಡಿಸಿ, ಅದೂ ಆಗದಿದ್ದರೆ ಒಂದು ಮಾತ್ರೆ ಇದೆ' ಅಂದರಂತೆ. ನಮ್ಮದು ತಂಪು ಊರು, ಏನೂ ಆಗಲ್ಲ ಅಂತಾರೆ. ನಾನು ಒಪ್ಪದಿದ್ದರೆ ಹುಡುಗ ಆ ಕ್ಲಾಸಿಗೆ ಹೋಗುತ್ತಾನೆ, ಅವನ ಹಿಂದೆ ಇನ್ನೂ ನಾಲ್ಕೈದು ಮಕ್ಕಳು. ಈಗಲೇ ಹಾಲ್ ಬಾಡಿಗೆ ಕಟ್ಟುವುದು ಕಷ್ಟ. ಇನ್ನೊಂದು ವಿಷಯ. 16 ವರ್ಷದ ಒಬ್ಬ ಹುಡುಗಿ ತಾನಾಗಿಯೇ ರಾತ್ರಿ ಊಟ ಬಿಟ್ಟಿದ್ದಾಳೆ, ಕ್ಲಾಸಲ್ಲಿ ಬೇಗ ಸುಸ್ತಾಗುತ್ತಾಳೆ. ನಾನು ಪ್ರತಿ ಶನಿವಾರ ಎಲ್ಲರ ತೂಕ ಬೋರ್ಡ್ ಮೇಲೆ ಬರೆಯುತ್ತೇನೆ. ಅದರಿಂದ ಹೀಗಾಯಿತಾ?

ಉತ್ತರ: ಮಾಸ್ಟರೇ, ನಿಮ್ಮ ಪತ್ರದಲ್ಲಿ ಎರಡು ಭಯ ಇದೆ. ಹುಡುಗನಿಗೆ ಏನಾದರೂ ಆದರೆ ಅನ್ನುವುದು ಒಂದು, ಕ್ಲಾಸ್ ಖಾಲಿಯಾದರೆ ಅನ್ನುವುದು ಇನ್ನೊಂದು. ಎರಡನೆಯದನ್ನು ಬರೆದದ್ದಕ್ಕೆ ಸಂಕೋಚ ಬೇಡ. ಬಾಡಿಗೆ ಕಟ್ಟದೆ ಯಾರ ಕ್ಲಾಸೂ ನಡೆಯಲ್ಲ. ಅದಕ್ಕೂ ಉತ್ತರ ಹೇಳುತ್ತೇನೆ. ಮೊದಲು ನೇರ ಮಾತು: ಈ ಹುಡುಗನನ್ನು 48ಕ್ಕೆ ಇಳಿಸಬೇಡಿ. ಯಾಕೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ, ಅವನ ಅಪ್ಪನಿಗೆ ನೀವು ಲೆಕ್ಕ ಇಟ್ಟು ಹೇಳಬೇಕಾಗುತ್ತದೆ ಅಲ್ವಾ.

ಅಪ್ಪ ಹೇಳುವುದರಲ್ಲಿ ಸ್ವಲ್ಪ ನಿಜವೂ ಇದೆ. ಟೇಕ್ವಾಂಡೋದಲ್ಲಿ ಕಾಲಿನ ಉದ್ದಕ್ಕೆ ಬೆಲೆ ಇದೆ. ಚೆಸ್ಟ್ ಗಾರ್ಡ್‌ಗೆ ಬಿದ್ದ ಕಿಕ್‌ಗೆ ಎರಡು ಪಾಯಿಂಟ್, ತಲೆಗೆ ತಾಗಿದರೆ ಮೂರು. ಎತ್ತರದ ಹುಡುಗ ಮುಂಗಾಲು ಎತ್ತಿಟ್ಟುಕೊಂಡೇ ಎದುರಾಳಿಯನ್ನು ದೂರ ನಿಲ್ಲಿಸಬಲ್ಲ. ಹಾಗಾಗಿ ಕೆಳಗಿನ ವಿಭಾಗಕ್ಕೆ ಹೋದಷ್ಟೂ ಲಾಭ ಎಂದು ಅನಿಸುವುದು ಸಹಜ. ಆದರೆ 168 ಸೆಂ.ಮೀ. ಇರುವ ಹುಡುಗ 51ರಲ್ಲೂ ಎತ್ತರದವನೇ. ಆ ಲಾಭ ಅವನಿಗೆ ಈಗಾಗಲೇ ಸಿಕ್ಕಿದೆ, ಒಂದು ಗ್ರಾಂ ಇಳಿಸದೆ.

ಇನ್ನು ಆ ಬೆಂಗಳೂರಿನ ಹುಡುಗ. ಕಳೆದ ವರ್ಷ 51ರಲ್ಲಿ ಗೆದ್ದವನು ಈ ವರ್ಷವೂ 51ರಲ್ಲೇ ಇರುತ್ತಾನೆ ಎಂದು ಯಾರು ಹೇಳಿದರು? ಇದು ಮಕ್ಕಳು ಬೆಳೆಯುವ ವಯಸ್ಸು. ಬೆಳವಣಿಗೆ ಜೋರಾಗಿರುವ ವರ್ಷದಲ್ಲಿ ಹುಡುಗರ ತೂಕ ಎಂಟು ಒಂಬತ್ತು ಕೆಜಿ ಏರುವುದುಂಟು. ಅವನು ಈಗ 55ಕ್ಕೋ 59ಕ್ಕೋ ಹೋಗಿರಬಹುದು. ಇಲ್ಲವೇ ಅವನ ಅಪ್ಪನೂ ಇದೇ ಯೋಚನೆ ಮಾಡಿ ಅವನನ್ನು 48ಕ್ಕೆ ಎಳೆದು ತರುತ್ತಿರಬಹುದು. ಜೂನಿಯರ್‌ನಲ್ಲಿ ಒಬ್ಬ ಎದುರಾಳಿಯನ್ನು ನೋಡಿ ವಿಭಾಗ ಆರಿಸುವುದು ಸುಮ್ನೆ ಗಾಳಿಗೆ ಗುದ್ದಿದಂತೆ.

ಈಗ ಲೆಕ್ಕ. 50.6ರಿಂದ 48ಕ್ಕೆ ಅಂದರೆ 2.6 ಕೆಜಿ, ಅವನ ಮೈತೂಕದ ಶೇ. 5ಕ್ಕಿಂತ ಜಾಸ್ತಿ. ಅದು ಎಲ್ಲಿಂದ ಬರಬೇಕು? ಈ ಎತ್ತರಕ್ಕೆ ಈ ತೂಕದ ಹುಡುಗನ ಮೈಯಲ್ಲಿ ಕರಗಿಸುವಂಥ ಕೊಬ್ಬು ಇರುವುದಿಲ್ಲ. ಹೋಗುವುದು ನೀರು, ಮತ್ತೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್. ಕಿಕ್ ಹೊಡೆಯಲು ಕಾಲಿಗೆ ಬೇಕಾದ ಇಂಧನವೇ ಅದು. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅದಕ್ಕೇ ಅನ್ನ, ಅಕ್ಕಿ ರೊಟ್ಟಿ ನಿಲ್ಲಿಸಿದ ಎರಡೇ ದಿನಕ್ಕೆ ಮೆಷಿನ್‌ನಲ್ಲಿ ತೂಕ ಕಡಿಮೆ ಕಾಣುತ್ತದೆ, ಮನೆಯವರು ಖುಷಿಪಡುತ್ತಾರೆ. ಇಳಿದದ್ದು ಕಾಲಿನ ಶಕ್ತಿ. ನೀರು ಕಡಿಮೆಯಾದಾಗ ರಕ್ತದ ಪ್ರಮಾಣವೂ ಇಳಿಯುತ್ತದೆ. ಅದೇ ಕೆಲಸಕ್ಕೆ ಹೃದಯ ಜಾಸ್ತಿ ಬಡಿಯಬೇಕು, ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ.

ಟೂರ್ನಮೆಂಟ್‌ಗಳಲ್ಲಿ ತೂಕದ ಮೆಷಿನ್ ಪಕ್ಕ ಕೂತು ಪಟ್ಟಿ ಬರೆದವನು ನಾನು. ತೂಕ ಇಳಿಸಿಕೊಂಡು ಬಂದ ಮಕ್ಕಳು ಬಾಗಿಲಲ್ಲೇ ಗೊತ್ತಾಗುತ್ತಾರೆ. ತುಟಿ ಒಡೆದಿರುತ್ತದೆ, ಬಾಯಿಯ ಅಂಚಿನಲ್ಲಿ ಬಿಳಿ ಕಟ್ಟಿರುತ್ತದೆ, ಕೈಯಲ್ಲಿ ಉಗಿಯಲು ಒಂದು ಖಾಲಿ ಬಾಟಲಿ. ಮೆಷಿನ್ ಮೇಲೆ ನಿಂತು ಉಸಿರು ಪೂರ್ತಿ ಹೊರಗೆ ಬಿಟ್ಟು ನೋಡುತ್ತಾರೆ, 48.2. ಬನಿಯನ್ ಬಿಚ್ಚುತ್ತಾರೆ, 48.1. ಮತ್ತೆ ಹೊರಗೆ ಓಟ. ಪಾಸಾದ ತಕ್ಷಣ ಅಪ್ಪ ಕೊಟ್ಟ ಜ್ಯೂಸ್ ಬಾಟಲಿಯನ್ನು ಒಂದೇ ಗುಕ್ಕಿಗೆ ಕುಡಿದು, ಎದುರಿನ ಹೋಟೆಲ್‌ನಲ್ಲಿ ಪೂರಿ ತಿಂದು, ಅರ್ಧ ಗಂಟೆಗೆ ವಾಂತಿ. ಮೊದಲ ಬೌಟ್, ಅಂದರೆ ಮೊದಲ ಪಂದ್ಯ, ಹೇಗೋ ಗೆಲ್ಲುತ್ತಾರೆ. ಆದರೆ ಒಂದು ವಿಭಾಗದ ಬೌಟ್‌ಗಳೆಲ್ಲ ಸಾಮಾನ್ಯವಾಗಿ ಒಂದೇ ದಿನ ಮುಗಿಯುತ್ತವೆ, ಮೆಡಲ್ ಬೇಕೆಂದರೆ ನಾಲ್ಕೈದು ಸಲ ಮ್ಯಾಟ್ ಹತ್ತಬೇಕು. ಮೂರನೇ ಬೌಟ್‌ಗೆ ಬರುವಾಗ ಕಾಲು ಸೊಂಟದ ಮೇಲೆ ಏಳುವುದಿಲ್ಲ. ಕುಡಿದ ನೀರು ಎರಡು ಗಂಟೆಯಲ್ಲಿ ಮೈಗೆಲ್ಲ ಸೇರುವುದಿಲ್ಲ, ಖಾಲಿಯಾದ ಗ್ಲೈಕೋಜನ್ ಮತ್ತೆ ತುಂಬಲು ಸುಮಾರು ಒಂದು ದಿನ ಬೇಕು.

'ಹಿಂದಿನ ದಿನವೇ ತೂಕ ತೆಗೆಯುತ್ತಾರೆ, ರಾತ್ರಿ ಪೂರ್ತಿ ತಿಂದು ಸರಿಮಾಡಿಕೊಳ್ಳಬಹುದು' ಎಂದು ಅಪ್ಪ ಹೇಳಬಹುದು. ಇಲ್ಲಿ ಒಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ವಿಶ್ವ ಟೇಕ್ವಾಂಡೋ ನಿಯಮದಲ್ಲಿ ಸ್ಪರ್ಧೆಯ ದಿನ ಬೆಳಿಗ್ಗೆ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಮತ್ತೆ ತೂಕ ನೋಡುವ ಪದ್ಧತಿ ಇದೆ. ವಿಭಾಗದ ಮಿತಿಗಿಂತ ಶೇ. 5 ಮೀರಿದ್ದರೆ ಔಟ್. 48ರ ಶೇ. 5 ಸೇರಿಸಿದರೆ 50.4 ಕೆಜಿ. ನಿಮ್ಮ ಹುಡುಗನ ಮಾಮೂಲಿ ತೂಕವೇ 50.6! ಅಂದರೆ ಅವನು ಪೂರ್ತಿ ಚೇತರಿಸಿಕೊಂಡರೆ ಅನರ್ಹ, ಅರ್ಹನಾಗಿ ಉಳಿಯಬೇಕೆಂದರೆ ಅರೆಬರೆ ಒಣಗಿದ ಮೈಯಲ್ಲೇ ಆಡಬೇಕು. ನಿಮ್ಮ ಟೂರ್ನಮೆಂಟ್‌ನ ಸುತ್ತೋಲೆಯಲ್ಲಿ ತೂಕ ಯಾವಾಗ ತೆಗೆಯುತ್ತಾರೆ, ಎಷ್ಟು ಸಲ ತೆಗೆಯುತ್ತಾರೆ ಎಂದು ಓದಿ. ಅವತ್ತೇ ಬೆಳಿಗ್ಗೆ ತೆಗೆಯುವುದಾದರೆ ಇನ್ನೂ ಕಷ್ಟ.

ಇನ್ನು 'ನಮ್ಮದು ತಂಪು ಊರು' ಅನ್ನುವ ಮಾತು. ಕೊಡಗಿನಲ್ಲಿ ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕಾಫಿ ಹೂ ಅರಳಿಸುವ ಹೂಮಳೆಯೇ ಬಂದಿರುವುದಿಲ್ಲ, ಮಳೆಗಾಲಕ್ಕೆಂದು ಮಡಚಿಟ್ಟ ರೇನ್‌ಕೋಟ್ ಮಾತ್ರ ಮಾರ್ಚ್‌ನಲ್ಲೇ ಹೊರಗೆ ಬಂದಿರುತ್ತದೆ. ಹೊರಗೆ ಮಂಜಿದ್ದರೂ ರೇನ್‌ಕೋಟ್ ಒಳಗಿನ ಗಾಳಿ ಬೇರೆಯೇ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಪ್ಲಾಸ್ಟಿಕ್ ಒಳಗೆ ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಓಡುವ ಸ್ನಾಯುಗಳು ಬಿಸಿ ಮಾಡುತ್ತಲೇ ಇರುತ್ತವೆ, ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲ. 1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ಒಂದು ತಿಂಗಳ ಆಸುಪಾಸಿನಲ್ಲಿ ಹೀಗೇ ತೀರಿಕೊಂಡರು. 19ರಿಂದ 22 ವರ್ಷದವರು. ಚಳಿಗಾಲದ ಹೊಸ್ತಿಲಲ್ಲಿ, ಗಾಳಿಯಾಡದ ಸೂಟ್ ಹಾಕಿಕೊಂಡು ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡುತ್ತಾ. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಆ ಸೂಟ್, ಬೆವರು ಹರಿಸುವ ಬಿಸಿ ಕೋಣೆ (ಸೌನಾ) ಎರಡನ್ನೂ ನಿಷೇಧಿಸಿದರು. ಪಕ್ಕದ ಊರಿನ ಮಾಸ್ಟರ್ ಹೇಳುತ್ತಿರುವುದು ಆ ಮಕ್ಕಳು ಮಾಡಿದ್ದನ್ನೇ.

ನಿಜ ಹೇಳಬೇಕೆಂದರೆ ತಂಪು ಊರಿನ ಮಕ್ಕಳಿಗೇ ಅಪಾಯ ಜಾಸ್ತಿ. ಏಪ್ರಿಲ್ ಕೊನೆಯ ರಾಯಚೂರು ಅಂದರೆ 40 ಡಿಗ್ರಿ ಸುತ್ತಮುತ್ತ. ಸೆಕೆಗೆ ಮೈ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯ ಮಕ್ಕಳ ಮೈ ಹೊಂದಿಕೊಂಡಿರುತ್ತದೆ, ನಮ್ಮವರದ್ದು ಇಲ್ಲ. ಜೊತೆಗೆ ಪ್ರಯಾಣ. ಜಿಲ್ಲೆಯಲ್ಲಿ ರೈಲೇ ಇಲ್ಲ, ಮೈಸೂರಿಗೋ ಬೆಂಗಳೂರಿಗೋ ಬಸ್ಸಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಎಂದು ಮಕ್ಕಳು, ಅದರಲ್ಲೂ ಹುಡುಗಿಯರು, ನೀರೇ ಕುಡಿಯುವುದಿಲ್ಲ. ತೂಕ ಇಳಿಸದೇ ಇದ್ದ ಮಗುವೇ ಅಲ್ಲಿ ಇಳಿಯುವಾಗ ಅರ್ಧ ಬಾಡಿರುತ್ತದೆ. ಮೂರು ದಿನ ನೀರು ಬಿಟ್ಟವನ ಗತಿ ಏನು?

ಮಾತ್ರೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅದು ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿ ಮತ್ತು ಹೃದಯದ ರೋಗಿಗಳಿಗೆ ಡಾಕ್ಟರ್ ಕೊಡುವಂಥದ್ದು. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗಿ ಹೃದಯದ ಬಡಿತವೇ ತಪ್ಪಬಹುದು. ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲೂ ಅದು ಇದೆ, ಸ್ಪರ್ಧೆಯ ದಿನ ಮಾತ್ರ ಅಲ್ಲ, ವರ್ಷಪೂರ್ತಿ. ಶೇನ್ ವಾರ್ನ್ 2003ರ ವಿಶ್ವಕಪ್ ತಪ್ಪಿಸಿಕೊಂಡು ಒಂದು ವರ್ಷ ಹೊರಗೆ ಕೂತದ್ದು ಇಂಥದೇ ಮಾತ್ರೆಯಿಂದ. 15 ವರ್ಷದ ಹುಡುಗನಿಗೆ ಅದನ್ನು ಕೊಡಿ ಎನ್ನುವವರ ಮಾತು ಕೇಳುವ ಅಗತ್ಯವೇ ಇಲ್ಲ.

ಯಾರಾದರೂ ವಿನೇಶ್ ಫೋಗಟ್ ಉದಾಹರಣೆ ಕೊಟ್ಟರೆ ಪೂರ್ತಿ ಕಥೆ ನೆನಪಿಸಿ. 53 ಕೆಜಿಯಲ್ಲಿ ಆಡುತ್ತಿದ್ದವರು 50ಕ್ಕೆ ಇಳಿದರು. 2024ರ ಪ್ಯಾರಿಸ್‌ನಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು. ರಾತ್ರಿಯೆಲ್ಲ ಬೆವರು ಹರಿಸಿ, ಕೂದಲು ಕತ್ತರಿಸಿಯೂ ಇಳಿಯಲಿಲ್ಲ. ಡಾಕ್ಟರ್, ಪೌಷ್ಟಿಕ ತಜ್ಞರು, ಕೋಚ್ ಎಲ್ಲ ಜೊತೆಗಿದ್ದ, ವರ್ಷಗಟ್ಟಲೆ ಪಳಗಿದ, ವಯಸ್ಕ ಮೈ ಅದು. ಆ ನೋವನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಒಂದು ಬಾಡಿಗೆ ಹಾಲ್‌ನಲ್ಲಿ, ಬಾತ್‌ರೂಮಿನ ತೂಕದ ಮೆಷಿನ್ ಇಟ್ಟುಕೊಂಡು, ಬೆಳೆಯುವ ಹುಡುಗನ ಮೇಲೆ ಅದನ್ನು ಮಾಡಬಾರದು.

ಹಾಗಾದರೆ ಏನು ಮಾಡಬೇಕು? ನನ್ನ ಆಯ್ಕೆ 51. ಆದರೆ ಒಂದು ಎಚ್ಚರಿಕೆ ಇದೆ. ಅವನಿಗೆ ಮಿತಿಯಿಂದ ಇರುವ ಅಂತರ 400 ಗ್ರಾಂ ಮಾತ್ರ, ಐದು ವಾರದಲ್ಲಿ ಬೆಳೆದೇ 51 ದಾಟಬಹುದು. ಎಂಟ್ರಿ ಕೊನೆಯ ದಿನಾಂಕದ ಮೊದಲು ಹತ್ತು ದಿನ, ಬೆಳಿಗ್ಗೆ ಎದ್ದು ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಖಾಲಿ ಹೊಟ್ಟೆಯಲ್ಲಿ, ಒಂದೇ ಮೆಷಿನ್‌ನಲ್ಲಿ ತೂಕ ನೋಡಲಿ. 50.8ರ ಒಳಗೇ ನಿಂತಿದ್ದರೆ 51. ಮೇಲೇರುತ್ತಿದ್ದರೆ 55ಕ್ಕೆ ಹಾಕಿ. 55ರಲ್ಲಿ ಕಷ್ಟ ಇದೆ, ಸುಳ್ಳು ಹೇಳಲ್ಲ. ತನಗಿಂತ ಮೂರು ನಾಲ್ಕು ಕೆಜಿ ಹೆಚ್ಚಿನವರ ಕಿಕ್ ತಿನ್ನಬೇಕು, ಎತ್ತರದ ಲಾಭವೂ ಅಷ್ಟಿರಲ್ಲ. ಮೊದಲ ಬೌಟ್‌ನಲ್ಲೇ ಸೋಲಬಹುದು. ಆದರೆ ತುಂಬಿದ ಮೈಯಲ್ಲಿ ಸೋತ ಹುಡುಗ ಏನಾದರೂ ಕಲಿತು ಬರುತ್ತಾನೆ. ಎರಡೂ ಸರಿ ಕಾಣದಿದ್ದರೆ ಈ ಒಂದು ಟೂರ್ನಮೆಂಟ್ ಬಿಡಿ, ಮುಂದಿನದು ಬರುತ್ತದೆ. ವಯಸ್ಕರಾದರೆ, ಕರಗಿಸಲು ಕೊಬ್ಬು ಇದ್ದರೆ, ವಾರಕ್ಕೆ ಮೈತೂಕದ ಶೇ. 1 ಮೀರದಂತೆ ನಿಧಾನಕ್ಕೆ ಇಳಿಸಬಹುದು. ಬೆಳೆಯುವ ಮಕ್ಕಳಿಗೆ ಡಾಕ್ಟರ್ ಹೇಳದೆ ಅದೂ ಬೇಡ.

ಉಳಿದ ಐದು ವಾರವನ್ನು ಆಟಕ್ಕೆ ಕೊಡಿ. ಮುಂಗಾಲು ಎತ್ತಿ ಎದುರಾಳಿಯನ್ನು ತಡೆಯುವ ಕಟ್ ಕಿಕ್, ಅವನು ಒಳನುಗ್ಗಿ ಮೈಗೆ ಮೈ ಅಂಟಿ ನಿಂತಾಗ (ಕ್ಲಿಂಚ್) ಬಿಡಿಸಿಕೊಂಡು ಹೊರಬರುತ್ತಾ ತಲೆಗೆ ಕಿಕ್, ಅಂಚಿಗೆ ಒತ್ತಿದಾಗ ಪಕ್ಕಕ್ಕೆ ಸರಿಯುವುದು. ಎತ್ತರದ ಹುಡುಗರು ಸೋಲುವುದು ಹೆಚ್ಚಾಗಿ ಈ ಕೊನೆಯ ಎರಡರಲ್ಲೇ. ಗಿಡ್ಡ, ಗಟ್ಟಿ ಹುಡುಗರನ್ನು ಹುಡುಕಿ ಇವನ ಎದುರು ನಿಲ್ಲಿಸಿ, ವಿರಾಜಪೇಟೆ ಕಡೆ ಪರಿಚಯದ ಕ್ಲಾಸ್ ಇದ್ದರೆ ಒಂದು ಭಾನುವಾರ ಹೋಗಿಬನ್ನಿ. ಕೊನೆಯ ಎರಡು ಮೂರು ವಾರ ಕೆಲವು ದಿನವಾದರೂ ಮಧ್ಯಾಹ್ನ ಅಭ್ಯಾಸ ಮಾಡಿಸಿ, ಕೈಗೆಟಕುವಲ್ಲಿ ನೀರಿಟ್ಟು. ಸೆಕೆ ಸ್ವಲ್ಪವಾದರೂ ರೂಢಿಯಾಗಲಿ. ಕೊನೆಯ ವಾರ ಅಭ್ಯಾಸದ ಹೊತ್ತು ಅರ್ಧ ಮಾಡಿ, ವೇಗ ಮಾತ್ರ ಹಾಗೇ ಇರಲಿ, ಜೋರು ಸ್ಪಾರಿಂಗ್ ಬೇಡ. ತಲೆಗೆ ಪೆಟ್ಟು ಬಿದ್ದು ಮಂಕಾದರೆ ಆ ದಿನ ಮತ್ತೆ ಮ್ಯಾಟ್ ಹತ್ತಿಸಬೇಡಿ, ಅಭ್ಯಾಸದಲ್ಲೂ ಅಷ್ಟೆ, ಫೈನಲ್‌ನಲ್ಲೂ ಅಷ್ಟೆ.

ಊಟ ಮನೆಯದೇ ಸಾಕು. ಬೆಳಿಗ್ಗೆ ಅಕ್ಕಿ ರೊಟ್ಟಿ ಮೊಟ್ಟೆ, ಕ್ಲಾಸಿಗೆ ಮೊದಲು ಬಾಳೆಹಣ್ಣು, ರಾತ್ರಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಜೊತೆ ಕಾಳಿನ ಸಾರೋ ಕೋಳಿಯೋ. ಬೇಕರಿಯ ಪಫ್ಸ್, ಬಾಟಲಿಯ ಜ್ಯೂಸ್ ಕಮ್ಮಿ ಮಾಡಿದರೆ ಒಳ್ಳೆಯದು. ತೂಕ ಕೊಟ್ಟ ಮೇಲೆ ಮೊಸರನ್ನ, ಬಾಳೆಹಣ್ಣು. ಓಆರ್‌ಎಸ್ ಪ್ಯಾಕೆಟ್‌ಗಳನ್ನು ಇಲ್ಲಿಂದಲೇ ಒಯ್ಯಿರಿ. ದೊಡ್ಡ ಪ್ಯಾಕೆಟ್ ಒಂದಕ್ಕೆ ಪೂರ್ತಿ ಒಂದು ಲೀಟರ್ ನೀರು. ಒಂದು ಲೋಟಕ್ಕೆ ಇಡೀ ಪ್ಯಾಕೆಟ್ ಸುರಿದು ಕುಡಿಸುವವರನ್ನು ನೋಡಿದ್ದೇನೆ, ಅದರಿಂದ ತೊಂದರೆಯೇ ಜಾಸ್ತಿ. ಅಲ್ಲಿ ಯಾವ ಮಗುವಾದರೂ ಮೈ ಸುಡುತ್ತಾ ತಡವರಿಸಿ ಮಾತಾಡಿದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರೆ, ಅದು ಸುಸ್ತಲ್ಲ, ಶಾಖಾಘಾತ. ನೆರಳಿಗೆ ಎಳೆಯಿರಿ, ಚೆಸ್ಟ್ ಗಾರ್ಡ್ ಬಿಚ್ಚಿ ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ, ಒಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಈಗ ಆ ಹುಡುಗಿ. ಬೋರ್ಡ್ ಒಂದೇ ಕಾರಣ ಎಂದು ನಾನು ಹೇಳಲಾರೆ, ಆದರೆ ಇವತ್ತೇ ಅಳಿಸಿಬಿಡಿ. 16 ವರ್ಷದ ಹುಡುಗಿಯ ತೂಕ ನಲವತ್ತು ಮಕ್ಕಳ ಎದುರು ಬರೆಯುವ ವಿಷಯವಲ್ಲ. ತೂಕ ಬೇಕಾಗುವುದು ಸ್ಪರ್ಧೆಗೆ ಹೋಗುವವರದ್ದು ಮಾತ್ರ, ಅದನ್ನು ಒಬ್ಬೊಬ್ಬರನ್ನೇ ಕರೆದು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ತಿನ್ನುವುದು ಕಮ್ಮಿ, ಖರ್ಚು ಜಾಸ್ತಿ ಆದಾಗ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತದೆ, ಮೂಳೆಗೆ ಬಲ ಕೂಡುವ ವಯಸ್ಸಿನಲ್ಲೇ ಅದು ಕುಂಠಿತವಾಗುತ್ತದೆ, ಪಾದ ಮತ್ತು ಮೊಣಕಾಲ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಬರಬಹುದು. ಇದಕ್ಕೆ 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ರೆಡ್-ಎಸ್ ಎಂದು ಹೆಸರಿಟ್ಟರು. ಹುಡುಗರಿಗೂ ಆಗುತ್ತದೆ. ರಕ್ತಹೀನತೆಯೂ ಇರಬಹುದು. ನೀವೇ ಅವಳನ್ನು ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ಅವಳ ಅಮ್ಮನ ಹತ್ತಿರ ಮಾತಾಡಿ, 'ಸುಸ್ತಾಗ್ತಾಳೆ, ಊಟ ಬಿಟ್ಟಿದ್ದಾಳೆ, ಒಮ್ಮೆ ಡಾಕ್ಟರಿಗೆ ತೋರಿಸಿ' ಅನ್ನಿ, ಇಷ್ಟೇ ಸಾಕು. ಮೂರು ತಿಂಗಳು ಮುಟ್ಟು ನಿಂತಿದ್ದರಂತೂ ತಡಮಾಡಬಾರದು. ಡಾಕ್ಟರ್ ನೋಡುವವರೆಗೆ ಅವಳಿಗೆ ಲಘು ಅಭ್ಯಾಸ ಮಾತ್ರ.

ಕೊನೆಗೆ ಬಾಡಿಗೆಯ ಮಾತು. ಹುಡುಗನ ಅಪ್ಪನನ್ನು ಕ್ಲಾಸ್ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಪ್ಪಿಸಲು ಹೋಗಬೇಡಿ. ಕೂರಿಸಿಕೊಂಡು ಆ 50.4ರ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ. ಬಯ್ಯಬೇಡಿ, ಅವರಿಗೂ ಮಗ ಗೆಲ್ಲಬೇಕು ಅಷ್ಟೆ. 'ಎಲ್ಲ ನಮ್ಮ ಜವಾಬ್ದಾರಿ, ಬರೆದುಕೊಡ್ತೀವಿ' ಅಂದರೂ ಒಪ್ಪಬೇಡಿ. ಹುಡುಗ ನಿಮ್ಮ ಕೈಯಲ್ಲಿ ಕುಸಿದರೆ ಆ ಕಾಗದ ನಿಮ್ಮನ್ನು ಉಳಿಸಲ್ಲ. ಎಷ್ಟೋ ಪೋಷಕರಿಗೆ ಬೇಕಾಗಿರುವುದು ಮುಂದೆ ಕ್ರೀಡಾ ಕೋಟಾಕ್ಕೆ ಆಗುವ ಸರ್ಟಿಫಿಕೇಟ್. ಅದಕ್ಕೆ ಬೆಲೆ ಬರುವುದು ಟೂರ್ನಮೆಂಟ್ ಯಾರು ನಡೆಸಿದರು, ಅವರಿಗೆ ಮಾನ್ಯತೆ ಇದೆಯಾ ಎಂಬುದರಿಂದ, ಅದನ್ನೂ ವಿಚಾರಿಸಿ ಹೇಳಿ.

ಅಷ್ಟಾದರೂ ಹುಡುಗ ಹೋಗಬಹುದು. ಹೋದರೆ ಬೇಸರವಾಗುತ್ತದೆ, ದುಡ್ಡಿಗೂ ಪೆಟ್ಟು. ಆದರೆ ನಿಮ್ಮ ಬಾಡಿಗೆ ಕಟ್ಟುತ್ತಿರುವುದು ಮೆಡಲ್ ತರುವ ಆ ನಾಲ್ಕೈದು ಮಕ್ಕಳಲ್ಲ. ಯಾವತ್ತೂ ಸ್ಪರ್ಧೆಗೆ ಹೋಗದೆ, ಗಟ್ಟಿಯಾಗಲಿ, ಧೈರ್ಯ ಬರಲಿ ಎಂದು ಬರುವ ಉಳಿದ ಮೂವತ್ತೈದು ಮಕ್ಕಳು. ಅವರಿಗೆ ನೀವು ಎಷ್ಟು ಹೊತ್ತು ಕೊಡುತ್ತಿದ್ದೀರಿ ನೋಡಿ. ಟೂರ್ನಮೆಂಟ್ ಹತ್ತಿರ ಬಂದಾಗ ಅವರನ್ನು ಹಾಲ್‌ನ ಮೂಲೆಯಲ್ಲಿ ಸುಮ್ನೆ ಪೂಮ್ಸೆ (ಎದುರಾಳಿ ಇಲ್ಲದೆ ಮಾಡುವ ಕ್ರಮಬದ್ಧ ಭಂಗಿಗಳು) ಮಾಡಿಸುತ್ತಾ ನಿಲ್ಲಿಸಿದರೆ ಕ್ಲಾಸ್ ಖಾಲಿಯಾಗುವುದು ಅಲ್ಲಿಂದ. ಸ್ಪರ್ಧೆಯವರಿಗೆ ಬೇರೆ ಬ್ಯಾಚ್, ಬೇರೆ ಫೀಸ್ ಇಡಿ. ನಮ್ಮಲ್ಲಿ ಜೂನ್ ಜುಲೈ ಮಳೆಗೆ ಹಾಜರಿ ಅರ್ಧವಾಗುತ್ತದೆ, ಬಾಡಿಗೆ ಅರ್ಧವಾಗಲ್ಲ. ಹಾಗಾಗಿ ಕಾಫಿ ದುಡ್ಡು ಕೈಗೆ ಬರುವ ಈ ಸಮಯದಲ್ಲೇ ಸ್ವಲ್ಪ ರಿಯಾಯಿತಿ ಕೊಟ್ಟು ವರ್ಷದ ಫೀಸ್ ಒಟ್ಟಿಗೆ ಕಟ್ಟುವಂತೆ ಕೇಳಿ ನೋಡಿ, ತೋಟದ ಮನೆಗಳವರಿಗೆ ಅದೇ ಅನುಕೂಲ. ಕೇಳುವ ದಿನ ಎಲ್ಲ ಪೋಷಕರನ್ನೂ ಒಟ್ಟಿಗೆ ಕರೆಯಿರಿ, ಈ ಕ್ಲಾಸಿನಲ್ಲಿ 18 ತುಂಬದ ಯಾರ ತೂಕವನ್ನೂ ಸ್ಪರ್ಧೆಗಾಗಿ ಇಳಿಸುವುದಿಲ್ಲ ಎಂದು ಅವತ್ತೇ ಹೇಳಿ, ಬೋರ್ಡ್‌ನಲ್ಲಿ ಖಾಲಿಯಾದ ಜಾಗದಲ್ಲಿ ಬರೆದೂ ಹಾಕಿ.